ಏರು ಹತ್ತದ ಟ್ರ್ಯಾಕ್ಟರ್, ಒಂಬತ್ತು ಸುತ್ತಿನ ದಾರ

ಟ್ರ್ಯಾಕ್ಟರ್ ಕೆಟ್ಟಿರಲಿಲ್ಲ. ಅದರ ಪಂಪು ಸವೆದಿರಲಿಲ್ಲ, ಸೊಸೆಯ ಕಾಲಿನದೂ ತಪ್ಪಿರಲಿಲ್ಲ. ಅದನ್ನು ನಿಲ್ಲಿಸಿದವಳು ನಾನು. ಮೂರು ದಿನ ಬೆಲ್ಟಿನ ಮೇಲೆ, ಎಣ್ಣೆಯ ಮೇಲೆ, ಸೊಸೆಯ ಮೇಲೆ ತಪ್ಪು ಹಾಕಿದೆ. ನಾಲ್ಕನೇ ದಿನ ನನ್ನ ಕೈಕೆಲಸವೇ ಸಿಕ್ಕಿತು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕಡೆಗೆ ಹೇಳಿದರೆ ಕಥೆ ಕಟ್ಟಿದ ಹಾಗಾಗುತ್ತದೆ.

ನಮ್ಮದು ಇಂಡಿಗೂ ಸಿಂದಗಿಗೂ ನಡುವೆ ಲಿಂಬೆ ತೋಟ. ಬಾವಿ ಕೆಳಗಿದೆ, ಡಾಂಬರು ರಸ್ತೆ ಮೇಲಿದೆ, ನಡುವೆ ಏರು. ಬೇಸಿಗೆಯಲ್ಲಿ ಮುಂಜಾನೆ ಆರಿಸಿದ ಹಣ್ಣು ಮಧ್ಯಾಹ್ನದೊಳಗೆ ರಸ್ತೆಗೆ ಹೋಗಬೇಕು, ಟೆಂಪೋ ಕಾಯುವುದಿಲ್ಲ. ಲಿಂಬೆ ಗಿಡದ ಟೊಂಗೆ ನೆಲಕ್ಕೆ ಬಾಗಿರುತ್ತದೆ, ಮೈತುಂಬ ಮುಳ್ಳು. ದೊಡ್ಡ ಟ್ರ್ಯಾಕ್ಟರ್ ಅದರ ಕೆಳಗೆ ನುಗ್ಗುವುದಿಲ್ಲ. ಅದಕ್ಕೇ ಚಡಚಣದ ದ್ರಾಕ್ಷಿ ತೋಟದವರೊಬ್ಬರು ಮಾರಿದ ಗಿಡ್ಡ ಟ್ರ್ಯಾಕ್ಟರನ್ನು ತಂದಿದ್ದೆವು. ಆಳೆತ್ತರವೂ ಇಲ್ಲ. ಅದಕ್ಕೆ ಗೇರಿಲ್ಲ, ಕ್ಲಚ್ಚಿಲ್ಲ. ಬಲಗಾಲಿನ ಕೆಳಗೆ ಪೆಡಲು. ಮುಂದೆ ಒತ್ತಿದರೆ ಮುಂದೆ, ಹಿಂದೆ ಒತ್ತಿದರೆ ಹಿಂದೆ. ಇಂಜಿನ್ನು ಒಂದು ಪಂಪನ್ನು ತಿರುಗಿಸುತ್ತದೆ, ಪಂಪು ಎಣ್ಣೆಯನ್ನು ದೂಡುತ್ತದೆ, ಎಣ್ಣೆ ಗಾಲಿಯನ್ನು ತಿರುಗಿಸುತ್ತದೆ. ಅಷ್ಟೇ ಅದರ ವಿದ್ಯೆ.

ಇದನ್ನು ತಂದದ್ದು ಸೊಸೆಗಾಗಿ. ಬಾವಿ ಮೆಟ್ಟಿಲಿನಿಂದ ಬಿದ್ದು ಆಕೆಯ ಎಡಗಾಲು ಮುರಿದಿತ್ತು, ಕೂಡಿದ್ದು ಸೊಟ್ಟಗೆ ಕೂಡಿತು. ಕ್ಲಚ್ ಒತ್ತುವ ಬಲ ಆ ಕಾಲಿಗೆ ಇಲ್ಲ. ಒಂದೂವರೆ ವರ್ಷ ಮನೆಯೊಳಗೆ ಕೂತು ಹಣ್ಣು ವಿಂಗಡಿಸಿದಳು. ಮಾತು ಕಡಿಮೆಯಾಗಿತ್ತು, ಊಟವೂ ಕಡಿಮೆಯಾಗಿತ್ತು. ಈ ಟ್ರ್ಯಾಕ್ಟರ್ ಬಂದ ಮೇಲೆ ತೋಟ ಪೂರಾ ಆಕೆಯ ಕೈಗೆ ಹೋಯಿತು. ಬ್ರೇಕು ಮಾತ್ರ ಎಡಗಾಲಿನ ಕಡೆ ಇತ್ತು. ಅದಕ್ಕೆ ನನ್ನ ಮಗ ಕಬ್ಬಿಣದ ಹಿಡಿಕೆ ಬೆಸುಗೆ ಹಾಕಿಸಿ, ಕೈಯಲ್ಲಿ ಎಳೆಯುವಂತೆ ಮಾಡಿಸಿಕೊಟ್ಟ.

ಆ ಹಿಡಿಕೆಯೇ ಬುಧವಾರ ಆಕೆಯನ್ನು ಉಳಿಸಿತು. ಹನ್ನೊಂದರ ಸುಮಾರಿಗೆ ಟ್ರೇಲರಿನಲ್ಲಿ ಚೀಲ ತುಂಬಿಕೊಂಡು ಏರು ಹತ್ತುತ್ತಿದ್ದಳು. ಅರ್ಧ ಏರಿನಲ್ಲಿ ಗಾಡಿ ನಿಂತಿತು. ಇಂಜಿನ್ನು ಒದರುತ್ತಿದೆ, ಪೆಡಲು ನೆಲಕ್ಕೆ ಹತ್ತಿದೆ, ಗಾಲಿ ಅಲುಗುತ್ತಿಲ್ಲ. ಆಮೇಲೆ ಮೆಲ್ಲಗೆ ಹಿಂದೆ ಜಾರತೊಡಗಿತು. ಟ್ರೇಲರು ಅಡ್ಡ ತಿರುಗಿ ಲಿಂಬೆ ಗಿಡಕ್ಕೆ ಬಡಿಯಿತು. ಹಿಡಿಕೆ ಎಳೆದು ನಿಲ್ಲಿಸಿದಳು. ಮುಖದ ಮೇಲೆ ಮುಳ್ಳು ಗೀರಿತ್ತು, ಬೇರೇನೂ ಆಗಲಿಲ್ಲ. ತಾಸು ಬಿಟ್ಟು ಚಾಲು ಮಾಡಿದರೆ ಏನೂ ಆಗಿಲ್ಲವೆಂಬಂತೆ ಹೊರಟಿತು. ಅರ್ಧ ತಾಸಿಗೆ ಮತ್ತೆ ನಿಂತಿತು.

ಇಂಡಿಯ ಪೈಪಿನ ಅಂಗಡಿಯಲ್ಲಿ ಕೆಲಸ ಮುಗಿಸಿ ಸಂಜೆ ಬಂದ ಮಗ, ಹೆಂಡತಿಯ ಮುಖದ ಗೀರು ನೋಡಿ ಕೈಕಾಲು ತೊಳೆಯಲೂ ಹೋಗಲಿಲ್ಲ.

"ಯವ್ವಾ, ಇದರ ಸವಾಸ ಸಾಕು. ಮನಗೂಳಿಯಾಂವ ಒಬ್ಬ ಕೇಳಾಕತ್ತಾನ. ಐತವಾರ ಮುಂಜಾನೆ ಬಂದು ನೋಡ್ಲಿ. ಕೊಟ್ಟು ಗೇರಿಂದು ತರೂಣು."

"ಗೇರಿಂದು ತಂದ್ರ ಹೊಡಿಯಾಕಿ ಯಾರು?"

"ಆಳ ಇಡ್ತೇನಿ."

"ಮತ್ತ ಈಕಿ?"

"ಈಕಿ ಮನ್ಯಾಗ ಹಣ್ಣ ಆರಸ್ಲಿ. ಒಂದು ಕಾಲು ಹೋಗೇತಿ. ಇನ್ನೊಂದೂ ಕಳಕೋಬೇಕೇನು?"

ಸೊಸೆ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಬಡಿಯುವ ಸಪ್ಪಳ ಒಂದು ಗಳಿಗೆ ನಿಂತಿತು, ಮತ್ತೆ ಶುರುವಾಯಿತು. ನಾನು ಹೇಳಿದೆ, "ಐತವಾರಕ್ಕ ಇನ್ನೂ ಮೂರು ದಿನ ಅದಾವ. ನಾ ನೋಡ್ತೇನಿ."

ನಾನು ಮೂರನೇ ಇಯತ್ತೆ ಓದಿದವಳು. ಆದರೆ ಸುತ್ತಲಿನ ತೋಟದವರ ಔಷಧಿ ಹೊಡೆಯುವ ಪಂಪು, ನೀರೆತ್ತುವ ಇಂಜಿನ್ನು ನಮ್ಮ ಬೇವಿನ ಗಿಡದ ಕೆಳಗೆ ಬಂದು ಹೋಗುತ್ತವೆ. ನಟ್ಟು ಬಿಚ್ಚುವ ನನ್ನ ಗಂಡನ ಪಾನಾಗಳು ನನ್ನ ಹತ್ತಿರವೇ ಇವೆ. ಎಣ್ಣೆಯಿಂದ ಓಡುವ ಗಾಲಿಯನ್ನು ಮಾತ್ರ ನಾನು ಬಿಚ್ಚಿರಲಿಲ್ಲ.

ಗುರುವಾರ ಮುಂಜಾನೆ ಮೊದಲು ಬೆಲ್ಟ್ ನೋಡಿದೆ. ಬೆಲ್ಟ್ ಜಾರಿದರೂ ಹೀಗೇ ಆಗುತ್ತದೆ: ಇಂಜಿನ್ನು ಓಡುತ್ತದೆ, ಬಲ ಹಿಂದಕ್ಕೆ ಮುಟ್ಟುವುದಿಲ್ಲ. ಸೀಟಿನ ಕೆಳಗೆ ಪಂಪಿನ ಡಬ್ಬಿ ಇದೆ, ಅದರ ನೆತ್ತಿಯ ಮೇಲೆ ಪುಲ್ಲಿ, ಪುಲ್ಲಿಯ ಮೇಲೆ ಗಾಳಿ ಬೀಸುವ ಫ್ಯಾನು. ಗಾಡಿ ಕಾದು ಬಲ ಬಿಡುವ ತನಕ ಓಡಿಸಿದೆವು. ನಿಂತ ಕೂಡಲೇ ಸೊಸೆಗೆ ಬ್ರೇಕ್ ಎಳೆದು ಪೆಡಲು ಒತ್ತಿ ಹಿಡಿ ಎಂದು ಹೇಳಿ, ಬಗ್ಗಿ ನೋಡಿದೆ. ಫ್ಯಾನು ಜೋರಾಗಿ ತಿರುಗುತ್ತಿತ್ತು. ಬೆಲ್ಟ್ ಕಿರುಗುಟ್ಟಲಿಲ್ಲ, ರಬ್ಬರು ಸುಟ್ಟ ವಾಸನೆ ಇಲ್ಲ. ಅಂದರೆ ಪಂಪಿನ ತನಕ ಬಲ ಬರುತ್ತಿದೆ, ಅಲ್ಲಿಂದ ಮುಂದೆ ಹೋಗುತ್ತಿಲ್ಲ.

ಡಬ್ಬಿಯ ಮೈಮೇಲಿನ ಗೆರೆಗಳಲ್ಲಿ ಒಣ ಎಲೆ, ಧೂಳು, ಜಿಡ್ಡು ಸೇರಿ ರೊಟ್ಟಿಯಂತೆ ಗಟ್ಟಿಯಾಗಿತ್ತು. ಡಬ್ಬಿ ಬಿಸಿಯಾಗಲು ಇದೇ ಕಾರಣ ಎಂದುಕೊಂಡೆ. ಜಾಲಿ ಕಡ್ಡಿಯಿಂದ ಕೆದರಿ, ಸೀಮೆಎಣ್ಣೆ ಹಚ್ಚಿ, ಹಳೆ ಬ್ರಶ್ಶಿನಿಂದ ತಿಕ್ಕಿದೆ. ಮಧ್ಯಾಹ್ನ ಓಡಿಸಿದರೆ ಅರ್ಧ ತಾಸಿಗೆ ನಿಲ್ಲುತ್ತಿದ್ದದ್ದು ಮುಕ್ಕಾಲು ತಾಸು ಓಡಿತು. ಸೊಸೆ ನಕ್ಕಳು. ಅಷ್ಟರಲ್ಲಿ ನಿಂತಿತು.

ನನಗೆ ಸಿಟ್ಟು ಬಂತು. "ನೀ ಸುಮ್ಮಸುಮ್ಮನ ಪೆಡಲ್ ಮ್ಯಾಲ ಕಾಲು ಇಟ್ಕೊಂಡ ಕುಂದರ್ತಿ. ಅದಕ್ಕ ಕಾಯತೈತಿ," ಅಂದೆ.

"ಕಾಲು ಇಡದ ಹೆಂಗ ಹೊಡೀಲ್ರಿ ಅತ್ತಿ? ಕೋಲಿಲೆ ಒತ್ತಲೇನು?"

"ಒಂದ ಸವನ ಒತ್ತೂದಿಲ್ಲ ನೀ. ಜೋಲಿ ಹೊಡದಂಗ ಒತ್ತತಿ."

ಜೋಲಿ ಹೊಡೆಯುವುದು ಆಕೆಯ ನಡಿಗೆ. ಅದನ್ನು ಹಿಡಿದು ಆಡಿದೆನೆಂದು ನನಗೆ ಗೊತ್ತಾಯಿತು. ಆಡಿದ ಮೇಲೆ ಗೊತ್ತಾಯಿತು. ಸಂಜೆ ಮಗನ ಮುಂದೆಯೂ ಅದೇ ಮಾತು ಅಂದೆ.

ಶುಕ್ರವಾರ ಮುಂಜಾನೆ ಬಸ್ಸು ಹತ್ತಿ ಸಿಂದಗಿಗೆ ಹೋದೆ. ಎಣ್ಣೆ ಅಂಗಡಿಯವನು, "ಆಯಿ, ಯಾವ ಗಾಡಿಗ್ರಿ?" ಎಂದ.

"ಗೇರಿಲ್ಲದ್ದಕ್ಕ."

"ಗೇರ ಇಲ್ಲಂದ್ರ ಎಣ್ಣಿ ಯಾಕ್ರಿ, ತುಪ್ಪ ಹಾಕ್ರಿ."

"ನಿನ್ನ ಬಾಯಾಗ ಹಾಕ್ತೇನಿ. ಕೊಡು ಈಗ."

ಪಕ್ಕದಲ್ಲೇ ಮಿಸ್ತ್ರಿಯ ಗ್ಯಾರೇಜು. ಟ್ರ್ಯಾಕ್ಟರ್ ಕೆಲಸದಲ್ಲಿ ಕೈ ಪಳಗಿದವನು, ಸುಳ್ಳು ಹೇಳುವವನಲ್ಲ. ಎಲ್ಲ ಕೇಳಿ ಹೇಳಿದ: "ತಣ್ಣಗಿದ್ದಾಗ ಓಡತೈತಿ, ಕಾದ ಮ್ಯಾಲ ನಿಲ್ಲತೈತಿ ಅಂದ್ರ ಪಂಪ ಸವದೈತ್ರಿ ಆಯಿ. ಎಣ್ಣಿ ಕಾದು ತೆಳ್ಳಗಾತಂದ್ರ ಸವದ ಸಂದಿನ್ಯಾಗ ಜಾರಿ ಹೋಗತೈತಿ. ತೊಂಬತ್ತರ ಗೇರ್ ಆಯಿಲ್ ಹಾಕಿ ನೋಡ್ರಿ, ದಪ್ಪ ಇರತೈತಿ."

ಸೊಸೆ ಮೊಬೈಲಿನಲ್ಲಿ ಹುಡುಕಿ, ಇಂಜಿನ್ನಿಗೆ ಹಾಕುವ ಇಪ್ಪತ್ತು-ಐವತ್ತರ ಎಣ್ಣೆಯೇ ಇದಕ್ಕೂ ಎಂದು ಚೀಟಿಯಲ್ಲಿ ಬರೆದು ಕೊಟ್ಟಿದ್ದಳು. ನಾನು ಚೀಟಿಯಲ್ಲಿದ್ದದ್ದನ್ನೇ ತಂದೆ. ಹಸಿವಿಲ್ಲದವನಿಗೆ ಗಂಜಿ ಗಟ್ಟಿ ಮಾಡಿ ಕುಡಿಸಿದರೆ ಹಸಿವು ಬರುವುದಿಲ್ಲ.

ಹಳೆ ಎಣ್ಣೆಯನ್ನು ಸುಮ್ಮನೆ ಚೆಲ್ಲಲಿಲ್ಲ. ಬಿಳಿ ಅಲ್ಯೂಮಿನಿಯಂ ತಾಟಿನಲ್ಲಿ ಸುರಿದು ಬಿಸಿಲಿಗೆ ಇಟ್ಟೆ. ನೀರು ಸೇರಿದ್ದರೆ ಮಜ್ಜಿಗೆಯಂತಾಗುತ್ತಿತ್ತು, ಆಗಿರಲಿಲ್ಲ. ಹಳೆ ಸ್ಪೀಕರಿನ ಅಯಸ್ಕಾಂತ ತಂದು ತಾಟಿನ ತಳದಲ್ಲಿ ಆಡಿಸಿದೆ. ಕೂದಲೆಳೆಯಷ್ಟು ಕಪ್ಪು ಹತ್ತಿತು, ಅಷ್ಟೇ. ಬೆರಳಿನ ನಡುವೆ ತಿಕ್ಕಿದರೆ ಮರಳು ಹತ್ತಲಿಲ್ಲ. ಅದನ್ನು ನೋಡಿದೆ, ಆದರೆ ಅದರ ಅರ್ಥ ಆಗ ಹೊಳೆಯಲಿಲ್ಲ.

ಫಿಲ್ಟರು ಬದಲಿಸಿ, ಹೊಸ ಎಣ್ಣೆ ಹಾಕಿ, ಒಳಗಿನ ಗಾಳಿ ತೆಗೆಯುವ ಕೆಲಸಕ್ಕೆ ಕೂತೆವು. ಗಾಳಿ ಉಳಿದರೆ ಎಣ್ಣೆಗೆ ದೂಡುವ ಬಲ ಬರುವುದಿಲ್ಲ. ಹಿಂದಿನ ಗಾಲಿಗಳನ್ನು ಜಾಕಿನಿಂದ ಎತ್ತಿ ಕಲ್ಲು ಕೊಟ್ಟೆವು. ಹಿಂಬದಿಯ ತಗಡಿನಿಂದ ಬೆರಳು ದಪ್ಪದ ಒಂದು ಸಲಾಕೆ ಹೊರಗೆ ಬಂದಿರುತ್ತದೆ, ತುದಿಯಲ್ಲಿ ಬಳೆಯಂಥ ಹಿಡಿ. ಅದನ್ನು ಹೊರಗೆ ಎಳೆದರೆ ಡಬ್ಬಿಯ ಒಳಗೆ ಒಂದು ಬಾಗಿಲು ತೆರೆಯುತ್ತದೆ. ಎಣ್ಣೆ ಗಾಲಿಗೆ ಹೋಗದೆ ಅಲ್ಲೇ ಸುತ್ತುತ್ತದೆ. ಒಳಗೆ ತಳ್ಳಿದರೆ ಬಾಗಿಲು ಮುಚ್ಚುತ್ತದೆ. ಗಾಡಿ ಬಂದ್ ಇದ್ದಾಗ ಕೈಯಿಂದ ದೂಡಬೇಕಾದರೂ ಇದನ್ನೇ ಎಳೆಯುವುದು. ಇಲ್ಲದಿದ್ದರೆ ಎಣ್ಣೆ ಗಾಲಿಯನ್ನು ಹಿಡಿದುಕೊಂಡಿರುತ್ತದೆ, ಅಲುಗುವುದಿಲ್ಲ.

ಸೊಸೆ ಮೊಬೈಲು ನೋಡಿ ಹೇಳಿದಂತೆ ಸಲಾಕೆ ಎಳೆದೆ. ಇಂಜಿನ್ ಚಾಲು ಮಾಡಿ ಆಕೆ ಪೆಡಲನ್ನು ಮೆಲ್ಲಗೆ ಮುಂದೆ ಆರು ಸಲ, ಹಿಂದೆ ಆರು ಸಲ ಒತ್ತಿದಳು. ಆಮೇಲೆ ಸಲಾಕೆಯನ್ನು ಅಂಗೈಯಿಂದ ಜೋಪಾನವಾಗಿ ಒಳಗೆ ತಳ್ಳಿದೆ, ಮತ್ತೆ ಆರಾರು ಸಲ. ಎಣ್ಣೆಯ ಗುಳ್ಳೆ ನಿಂತಿತು. ಗಾಲಿ ಗರಗರ ತಿರುಗಿತು. ಕೆಳಗೆ ಇಳಿಸಿ, ಚೀಲ ಹೇರಿ ಹೊರಟೆವು. ಎರಡು ಸಲ ಏರು ಹತ್ತಿತು. ಮೂರನೇ ಸಲ, ಬುಧವಾರ ನಿಂತ ಜಾಗದಲ್ಲೇ ನಿಂತಿತು. ಚೀಲಗಳನ್ನು ಇಳಿಸಿ ಇಬ್ಬರೂ ಹೊತ್ತೆವು. ಆಕೆ ಸೊಟ್ಟ ಕಾಲಿನಲ್ಲಿ ಹೊತ್ತಳು, ನಾನು ಈ ವಯಸ್ಸಿನಲ್ಲಿ ಹೊತ್ತೆ. ಟೆಂಪೋದವನು ಎರಡು ಸಲ ಹಾರ್ನ್ ಹೊಡೆದ.

ಮಗ ಮಿಸ್ತ್ರಿಗೆ ಫೋನ್ ಮಾಡಿದ. ಶನಿವಾರ ಬಂದು ಬಿಚ್ಚುವುದು, ಪಂಪು ಹೋಗಿದ್ದರೆ ಇದ್ದ ಹಾಗೆಯೇ ಮನಗೂಳಿಯವನಿಗೆ ಕೊಡುವುದು ಎಂದು ಅವರಲ್ಲೇ ಮಾತಾಯಿತು.

ಶನಿವಾರ ಒಂಬತ್ತಕ್ಕೆಲ್ಲ ಮಿಸ್ತ್ರಿ ಬಂದ. ಬೇವಿನ ಕೆಳಗೆ ಗೋಣಿಚೀಲ ಹಾಸಿ, ಪಾನಾಗಳನ್ನು ಸಾಲಾಗಿ ಜೋಡಿಸಿದ. ಎಣ್ಣೆ ಇಳಿಸಲು ಡಬ್ಬಿಯ ಕೆಳಗೆ ಕೈ ಹಾಕಿದ. ಆಗ ನನಗೆ ಆ ಬಿಳಿ ತಾಟು ನೆನಪಾಯಿತು.

"ತಡಿ. ಪಂಪ ಸವದೈತಿ ಅಂತಿ. ಸವದ ಕಬ್ಬಿಣ ಎಲ್ಲಿ ಹೋತು?"

"ಅಂದ್ರ?"

"ಜ್ವಾಳ ಬೀಸಿದ್ರ ಹಿಟ್ಟ ಬೀಳಬೇಕಿಲ್ಲೋ? ಹಳೆ ಎಣ್ಯಾಗ ಅಯಸ್ಕಾಂತ ಆಡಿಸೇನಿ. ಕೂದಲೆಳಿಯಷ್ಟ ಬಿಟ್ರ ಏನೂ ಇದ್ದಿದ್ದಿಲ್ಲ."

ಮಿಸ್ತ್ರಿ ಕೈ ಒರೆಸಿಕೊಂಡ. "ಹಂಗಿದ್ರ ನೀವು ಡಾಕ್ಟರ್ ಆಗ್ರಿ ಆಯಿ. ನಾ ಕಂಪೌಂಡರ್ ಆಗ್ತೇನಿ."

"ಆಗು. ಮಧ್ಯಾಹ್ನದ ತನಕ ಇದಕ್ಕ ಪಾನಾ ಹಚ್ಚಬ್ಯಾಡ."

ಇದನ್ನು ಹೇಳುವಾಗ ನನ್ನ ಹತ್ತಿರ ಬೇರೆ ಉತ್ತರವೇನೂ ಇರಲಿಲ್ಲ. ಒಂದೇ ಒಂದು ಗೊತ್ತಿತ್ತು: ಬಿಚ್ಚಿಟ್ಟ ಡಬ್ಬಿ ನಾಳೆ ಮುಂಜಾನೆಯೊಳಗೆ ಕೂಡುವುದಿಲ್ಲ, ಕೂಡದ ಗಾಡಿ ಮನೆಯಲ್ಲಿ ಉಳಿಯುವುದಿಲ್ಲ. ಮಿಸ್ತ್ರಿ ನಗುತ್ತ ಪಕ್ಕದ ತೋಟದವರ ಬೋರಿನ ಮೋಟರು ನೋಡಲು ಹೋದ.

ತಣ್ಣಗಿದ್ದ ಗಾಡಿಯನ್ನು ಮೊದಲು ಇಬ್ಬರೂ ದೂಡಿ ನೋಡಿದೆವು. ಬಂಡೆಯಂತೆ ನಿಂತಿತ್ತು. ಆಮೇಲೆ ಸೊಸೆಗೆ ಬಾವಿಯ ಸುತ್ತಲಿನ ಸಮನೆಲದಲ್ಲಿ ಅರ್ಧ ಭಾರ ಹಾಕಿಕೊಂಡು ತಿರುಗಿಸು ಅಂದೆ. ಇಪ್ಪತ್ತು ಸುತ್ತೋ ಮೂವತ್ತು ಸುತ್ತೋ ಆದ ಮೇಲೆ ಬಲ ಬಿಟ್ಟಿತು. ಇಂಜಿನ್ ಬಂದ್ ಮಾಡಿಸಿ, ಟ್ರೇಲರು ಬಿಚ್ಚಿ ಮತ್ತೆ ದೂಡಿದೆವು. ಗಾಡಿ ಅಲುಗಿತು. ನೀರಿನಿಂದ ಏಳಲೊಲ್ಲದ ಎಮ್ಮೆಯಂತೆ ಮೆಲ್ಲಗೆ, ಆದರೆ ಅಲುಗಿತು.

ಬಾವಿಯ ದಂಡೆಯ ಮೇಲೆ ಕೂತೆ. ಕೆಳಗೆ ಮೋಟರು ನೀರೆತ್ತುತ್ತಿತ್ತು. ಅದರ ಪೈಪಿನ ತುದಿಯ ಫುಟ್‌ವಾಲ್ವಿನ ಬಾಗಿಲಲ್ಲಿ ಒಂದು ಎಲೆ ಸಿಕ್ಕರೆ ಸಾಕು, ಮೋಟರು ತಿರುಗುತ್ತದೆ, ನೀರು ಮೇಲೆ ಬರುವುದಿಲ್ಲ. ಆಗ ಬುದ್ಧಿಯಿದ್ದವರು ಮೋಟರು ಬಿಚ್ಚುವುದಿಲ್ಲ, ಮೊದಲು ಪೈಪು ಎತ್ತಿ ಬಾಗಿಲು ಮುಚ್ಚಿದೆಯೋ ನೋಡುತ್ತಾರೆ. ಇಷ್ಟು ವರ್ಷ ಊರಿಗೆಲ್ಲ ಇದನ್ನು ಹೇಳಿದವಳು ನಾನು.

"ಈ ಡಬ್ಬಿ ಬಾಗಿಲು ಪೂರಾ ಮುಚ್ಚೈತೋ ಇಲ್ಲೋ, ಹೆಂಗ ನೋಡೂದು?" ಎಂದು ಸೊಸೆಯನ್ನು ಕೇಳಿದೆ.

ಆಕೆ ಹಿಂಬದಿಗೆ ಹೋಗಿ ಸಲಾಕೆಯ ಮುಂದೆ ಕೂತಳು. ಅದರ ಹಿಡಿ ಮುಟ್ಟಿ ನೋಡಿದಳು. ಆಮೇಲೆ ನನ್ನ ಮುಖ ನೋಡದೆ ಹೇಳಿದಳು:

"ಅಮಾಸಿ ದಿನ ಇದು ಪೂರಾ ಒಳಗ ಹೋಗಿದ್ದಿಲ್ರಿ ಅತ್ತಿ."

ಅಮಾವಾಸ್ಯೆ ಸೋಮವಾರ ಬಂದಿತ್ತು. ನಮ್ಮ ಕಡೆ ಅಮಾವಾಸ್ಯೆಗೆ ಗಾಡಿ ತೊಳೆದು, ಪೂಜೆ ಮಾಡಿ, ಕಾಯಿ ಒಡೆದು, ಲಿಂಬೆಹಣ್ಣು ಮೆಣಸಿನಕಾಯಿ ಕಟ್ಟದ ಮನೆಯಿಲ್ಲ. ಅವತ್ತು ಬ್ಯಾಟರಿ ಇಳಿದಿತ್ತು. ಸಲಾಕೆ ಎಳೆದು, ಗಾಡಿಯನ್ನು ಬೇವಿನ ಕಟ್ಟೆಯ ತನಕ ದೂಡಿ ತಂದಿದ್ದೆವು. ಪೂಜೆ ಮಾಡುವಾಗ ಸಲಾಕೆ ಹೊರಗೇ ಇತ್ತು. ಯಾವಾಗಲೂ ಮುಂದಿನ ಬಂಪರಿಗೆ ಕಟ್ಟುತ್ತಿದ್ದೆ. ಅವತ್ತು ಹೊರಬಂದ ಸಲಾಕೆಯ ಕುತ್ತಿಗೆ ಕಟ್ಟಲು ಹೇಳಿ ಮಾಡಿಸಿದಂತೆ ಕಂಡಿತು. ನನ್ನ ಅತ್ತೆ ಕಲಿಸಿದ ಪ್ರಕಾರ ಕರಿದಾರ ಒಂಬತ್ತು ಸುತ್ತು, ನಡುವೆ ಅರಿಷಿಣ ಕೊಂಬು, ಕೆಳಗೆ ಲಿಂಬೆ. ಮುಂದಿನ ಅಮಾವಾಸ್ಯೆಯ ತನಕ ಆ ದಾರ ಹರಿಯಬಾರದು, ಹರಿದರೆ ಕೇಡು. ಬ್ಯಾಟರಿ ಚಾರ್ಜ್ ಆದ ಮೇಲೆ ಸೊಸೆ ಸಲಾಕೆ ತಳ್ಳಿದ್ದಳು. "ಪೂರಾ ಹೋಗವಲ್ದುರಿ," ಎಂದಿದ್ದಳು. ನಾನು ಗದರಿದ್ದೆ: "ಸಾಕ ಬಿಡು. ಜೋರ ಮಾಡಿದ್ರ ದಾರ ಹರೀತೈತಿ." ಮಂಗಳವಾರ ಹಣ್ಣು ಆರಿಸಲಿಲ್ಲ, ಗಾಡಿಯೂ ಏರು ಹತ್ತಲಿಲ್ಲ.

ಶುಕ್ರವಾರ ನಾನೇ ಅದನ್ನು ಎಳೆದಿದ್ದೆ, ನಾನೇ ತಳ್ಳಿದ್ದೆ. ಅಂಗೈಯಿಂದ, ಜೋಪಾನವಾಗಿ. ಸಲಾಕೆಯನ್ನಲ್ಲ, ದಾರವನ್ನು ಜೋಪಾನ ಮಾಡಿದ್ದೆ.

"ಮೂರು ದಿನ ಯಾಕ ಹೇಳಲಿಲ್ಲ ನೀ?"

"ಮುಂಜಾನೆ ಬರೊಬ್ಬರಿ ಓಡತಿತ್ತಲ್ರಿ, ಇದ ಅಂತ ನನಗೂ ಹೊಳೀಲಿಲ್ಲ. ಹೊಳದಿದ್ರೂ ದಾರಕ್ಕ ಕೈ ಹಚ್ಚಬ್ಯಾಡ ಅಂದಾವ್ರು ನೀವ."

ಬಗ್ಗಿ ನೋಡಿದೆ. ಒಂಬತ್ತು ಸುತ್ತು ದಾರ, ಲಿಂಬೆರಸ, ಎಣ್ಣೆ, ಧೂಳು ಎಲ್ಲ ಸೇರಿ ಹಿಡಿಗೂ ತಗಡಿಗೂ ನಡುವೆ ಗಟ್ಟಿ ಬಳೆಯಾಗಿತ್ತು. ಎರಡು ಜೋಳದ ಕಾಳಿನಷ್ಟು ಸಲಾಕೆ ಹೊರಗೆ ಉಳಿದಿತ್ತು. ಒಳಗಿನ ಬಾಗಿಲು ಅಷ್ಟೇ ತೆರೆದಿತ್ತು. ತಣ್ಣಗಿನ ದಪ್ಪ ಎಣ್ಣೆ ಆ ಸಂದಿಯಲ್ಲಿ ಹೋಗುವುದಿಲ್ಲ. ಕಾದು ತೆಳ್ಳಗಾದದ್ದು ಹೋಗುತ್ತದೆ. ಮಿಸ್ತ್ರಿ ಹೇಳಿದ ಮಾತೇ ಸರಿ, ಜಾಗ ಬೇರೆ.

ಕುಡುಗೋಲು ತರಿಸಿದೆ. ಸೊಸೆ, "ನಾ ಹರೀಲೇನ್ರಿ?" ಅಂದಳು. ಕೇಡು ತನಗೆ ತಗಲಲಿ ಎಂದು ಕೇಳಿದಳೋ, ನಾನು ಹಿಂದೆಮುಂದೆ ನೋಡುವುದನ್ನು ಕಂಡು ಕೇಳಿದಳೋ, ನಾನು ಕೇಳಲಿಲ್ಲ.

"ಬ್ಯಾಡ. ಕಟ್ಟಿದಾಕಿ ನಾ. ಹರಿಯಾಕಿನೂ ನಾನ."

ಒಂಬತ್ತು ಸುತ್ತನ್ನೂ ಕೊಯ್ದೆ. ಲಿಂಬೆರಸ ಬಿದ್ದಲ್ಲಿ ಸಲಾಕೆಗೆ ತುಕ್ಕು ಹಿಡಿದಿತ್ತು. ಪಾಲಿಶ್ ಕಾಗದದಿಂದ ತಿಕ್ಕಿ, ಎಣ್ಣೆ ಬಿಟ್ಟು, ಎರಡು ಸಲ ಎಳೆದು ತಳ್ಳಿದೆ. ಮೂರನೇ ಸಲ ಒಳಗಿನಿಂದ ಟಕ್ ಎಂದು ಸಪ್ಪಳ ಬಂತು. ಶುಕ್ರವಾರ ಆ ಸಪ್ಪಳ ಬಂದಿರಲಿಲ್ಲ. ಬರಬೇಕೆಂದು ನನಗೆ ಗೊತ್ತೂ ಇರಲಿಲ್ಲ. ಗಾಲಿ ಎತ್ತಿ ಮತ್ತೊಮ್ಮೆ ಗಾಳಿ ತೆಗೆದೆವು.

ಹನ್ನೆರಡರ ಬಿಸಿಲಿನಲ್ಲಿ ಪೂರಾ ಭಾರ ಹೇರಿ ಏರಿಗೆ ಬಿಟ್ಟೆವು. ಗಾಲಿಗೆ ಕೊಡಲು ಒಂದು ಕಲ್ಲು ಹಿಡಿದುಕೊಂಡು ಪಕ್ಕದಲ್ಲಿ ನಡೆದೆ. ನಿಲ್ಲುತ್ತಿದ್ದ ಜಾಗ ಬಂತು. ಸೊಸೆ ನನ್ನ ಕಡೆ ನೋಡಲಿಲ್ಲ, ಮುಂದೆಯೇ ನೋಡುತ್ತಿದ್ದಳು. ಜಾಗ ದಾಟಿತು. ಆರು ಸಲ ಏರಿ ಇಳಿದಳು. ಆರನೇ ಸಲಕ್ಕೆ ನಾನು ಕಲ್ಲು ಬಿಸಾಕಿದೆ.

ಮಿಸ್ತ್ರಿ ಬಂದಾಗ ಗಾಡಿ ಓಡುತ್ತಿತ್ತು. "ಏನಿತ್ರಿ ಆಯಿ?"

"ಕಸ."

"ಎಂಥ ಕಸ?"

"ಕಸ ಅಂದ್ರ ಕಸ. ಚಾ ಕುಡಿ."

ಸೊಸೆ ಚಹಾ ಬಗ್ಗಿಸಿ ಕೊಟ್ಟಳು.

ಸಂಜೆ ಮಗನಿಗೂ ಅದನ್ನೇ ಹೇಳಿದೆ. ಆತ ತಲೆಯಾಡಿಸಿದ. "ಕಸ ಇವತ್ತ ಹೋತು, ನಾಳೆ ಮತ್ತ ಸಿಗತೈತಿ. ಈಕಿ ಕಾಲು ಒಂದ ಸವನ ಒತ್ತೂದಿಲ್ಲ, ಅದಕ್ಕ ಹಿಂಗ ಆಗತೈತಿ. ನೀನ ಅಂದೀಯಲ್ಲ. ಓಡಾಕತ್ತೇತಿ ಅಂದ್ರ ಕೊಡಾಕ ಇನ್ನೂ ಚಲೋ ಆತು."

ನಾನು ಎರಡು ರೊಟ್ಟಿ ತಿಂದು ಎದ್ದೆ. ಸುತ್ತಲಿನ ಪಂಪುಗಳೆಲ್ಲ ನನ್ನ ಮಾತಿನ ನಂಬಿಕೆಯ ಮೇಲೆ ಬರುತ್ತವೆ. ನಾನೇ ಕಟ್ಟಿ ನಾನೇ ನಿಲ್ಲಿಸಿದೆ ಎಂದು ಹೇಳಲು ಅವತ್ತು ನಾಲಿಗೆ ಏಳಲಿಲ್ಲ. ಇದಕ್ಕೆ ಬೇರೆ ಹೆಸರಿಲ್ಲ, ಸೊಕ್ಕು ಅಂತಲೇ ಹೆಸರು.

ಐತವಾರ ಮುಂಜಾನೆ ಎದ್ದ ಕೂಡಲೇ ಕೊಟ್ಟಿಗೆಯ ಗೂಡಿನಲ್ಲಿ ಇಟ್ಟಿದ್ದ ಆ ದಾರದ ಗಂಟನ್ನು ತೆಗೆದುಕೊಂಡೆ. ಒಣಗಿದ ಲಿಂಬೆ, ಅರಿಷಿಣ ಕೊಂಬು ಅದಕ್ಕೇ ಅಂಟಿಕೊಂಡಿದ್ದವು. ಏರು ಹತ್ತಿ ರಸ್ತೆಗೆ ಹೋದೆ. ಮನಗೂಳಿಯವನು ಮೋಟರ್ ಸೈಕಲ್ ನಿಲ್ಲಿಸಿ ಮಗನ ಜೊತೆ ಮಾತಾಡುತ್ತಿದ್ದ. ಗಂಟನ್ನು ಮಗನ ಕೈಯಲ್ಲಿ ಇಟ್ಟೆ.

"ಇದ ನಿನ್ನಿ ಕಸ. ಅಮಾಸಿಗಿ ನಾ ಕಟ್ಟಿದ್ದು. ಇದು ಅಡ್ಡ ಸಿಕ್ಕು ಗಾಡಿ ನಿಂತಿತ್ತು. ಪೂರಾ ಹೋಗವಲ್ದು ಅಂತ ಆಕಿ ಹೇಳಿದ್ಲು, ನಾ ಕೇಳಲಿಲ್ಲ. ಆಕಿ ಕಾಲಿಗಿ ಇದಕ್ಕ ಏನೂ ಸಂಬಂಧ ಇಲ್ಲ. ನಾ ಅಂದದ್ದು ಸುಳ್ಳು."

ಮಗ ದಾರವನ್ನು ತಿರುವಿ ತಿರುವಿ ನೋಡಿ, "ಗಾಡಿ ಇಲ್ಲೇ ಇರ್ಲಿ," ಅಂದ. ಮನಗೂಳಿಯವನು ಕೇಳಿದ, "ಹಂಗಾರ ನಾ ಸುಮ್ಮ ಬಂದಂಗಾತೇನ್ರಿ?"

"ಸುಮ್ಮ ಯಾಕ ತಮ್ಮಾ. ಲಿಂಬಿ ಒಯ್ಯಿ," ಅಂದೆ.

ಅಷ್ಟರಲ್ಲಿ ಕೆಳಗಿನಿಂದ ಇಂಜಿನ್ನಿನ ಸಪ್ಪಳ ಕೇಳಿಸಿತು. ಸೊಸೆ ಮೊದಲನೇ ಭಾರ ತರುತ್ತಿದ್ದಳು. ನಾನು ನಿಂತದ್ದು ಗಾಡಿ ಬರುವ ಹಾದಿಯ ನಡುವೆ. ಪಕ್ಕಕ್ಕೆ ಸರಿದು ಹಾದಿ ಬಿಟ್ಟೆ.